ಕೊಕ್ಕೆ ಕಾಳನ ಆಲ್ಬಮ್

ಯಾರೇ ಆಗಲಿ, ಸಾಯಲಿ ಎಂದು ಬಯಸುವುದು ಪಾಪವೆಂದು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಹೇಳಿಕೊಟ್ಟಿದ್ದರು. ಧಾರಾವಾಹಿಯಲ್ಲಿ ಬರುವವರಿಗೂ ಇದು ಅನ್ವಯಿಸುತ್ತದೆಯೇ ಎಂದು ಆಗಲೇ ಕೇಳಿಟ್ಟುಕೊಳ್ಳಬೇಕಿತ್ತು. ಏಕೆಂದರೆ ಈಚೆಗೆ ನಾನು ಶಿವಾಜಿನಗರಕ್ಕೆ ತರಕಾರಿಗೆ ಹೋದಾಗಲೆಲ್ಲ ಚರ್ಚಿನೊಳಗೆ ಹೊಕ್ಕು, ಮೇಣದಬತ್ತಿ ಹಚ್ಚಿ, ಕೊಕ್ಕೆ ಕಾಳನೆಂಬ ರೌಡಿ ಬೇಗ ಸಾಯಲಿ ಎಂದು ಬೇಡಿಕೊಂಡು ಬರುತ್ತಿದ್ದೆ. ಅದು ಸಾಲದೆಂದು ಹಲಸೂರಿನ ಸೋಮೇಶ್ವರನಿಗೂ ಅದೇ ಅರ್ಜಿ.

ಈ ಕಾಳನ ವಾಸ ಕುಕ್ ಟೌನಿನ ನಮ್ಮ ಮನೆಯ ಮಹಡಿಯಲ್ಲಿ. ನಿಜದ ಹೆಸರು ಶರಣು, ಕಲಬುರಗಿ ಕಡೆಯ ಹುಡುಗ, ಧಾರಾವಾಹಿಗಳಲ್ಲಿ ನಟ. ಮೆಟ್ಟಿಲು ಹತ್ತುವ ಮುನ್ನ ಚಪ್ಪಲಿಯ ಮಣ್ಣು ಕೊಡವುವಷ್ಟು ನಯ. ತೊಂದರೆ ಅವನದಲ್ಲ, ಅವನ ಆಲ್ಬಮ್ಮುಗಳದು. ಪಾತ್ರ ಸಿಕ್ಕಿತೆಂದರೆ ಅದಕ್ಕೊಂದು ಆಲ್ಬಮ್ ಆರಿಸಿಕೊಳ್ಳುತ್ತಾನೆ. ಆ ಪಾತ್ರ ಮುಗಿಯುವ ತನಕ ಅದನ್ನೇ, ಮೊದಲ ಹಾಡಿನಿಂದ ಕೊನೆಯದರವರೆಗೆ, ಒಂದನ್ನೂ ಹಾರಿಸದೆ ಕೇಳುತ್ತಾನೆ. ಅವನು ಕೇಳುತ್ತಾನೆಂದರೆ ಕೆಳಗೆ ನಾವೂ ಕೇಳುತ್ತೇವೆಂದೇ ಅರ್ಥ. ಬಡ ಮೇಷ್ಟರ ಪಾತ್ರವಿದ್ದಾಗ ಕೊಳಲಿನ ಆಲ್ಬಮ್. ಆ ದಿನಗಳಲ್ಲಿ ನನ್ನ ದೋಸೆಗಳೂ ದುಂಡಗೆ ಬರುತ್ತಿದ್ದವು. ಕಥೆಯಲ್ಲಿ ಮೇಷ್ಟರಿಗೆ ವರ್ಗವಾಯಿತು. ಆಮೇಲೆ ದರ್ಗಾದ ಬಳಿ ಅತ್ತರು ಮಾರುವವನಾದ, ಕವ್ವಾಲಿ ಬಂತು. ಅದಕ್ಕೂ ಹೊಂದಿಕೊಂಡೆವು, ನಮ್ಮ ಯಜಮಾನರಂತೂ ಸ್ನಾನದ ಮನೆಯಲ್ಲೇ ಚಪ್ಪಾಳೆ ತಟ್ಟುತ್ತಿದ್ದರು.

ಅದಾದ ಮೇಲೆ ಕೊಕ್ಕೆ ಕಾಳ. ಅವನಿಗಾಗಿ ಶರಣು ಆರಿಸಿದ್ದು ಯಾವುದೋ ಚಳಿ ದೇಶದ ಗಂಡಸರು ಗಂಟಲು ಹರಿದುಕೊಳ್ಳುವ ಆಲ್ಬಮ್. ಶೂಟಿಂಗ್ ಇಲ್ಲದ ಮಧ್ಯಾಹ್ನ, ನಾನು ಅಡ್ಡಾಗುವ ಹೊತ್ತಿಗೇ ಶುರು. ಡ್ರಮ್ಮಿನ ಏಟಿಗೆ ಸ್ಟೀಲ್ ಡಬ್ಬಿಗಳ ಮುಚ್ಚಳಗಳು ನಡುಗುತ್ತವೆ, ಹೆಪ್ಪು ಹಾಕಿಟ್ಟ ಹಾಲು ಮೊಸರಾಗಲು ಹೆದರುತ್ತದೆ. ಒಂದು ದಿನ ತಡೆಯಲಾರದೆ ಹತ್ತಿಹೋದೆ.

“ಶರಣು, ಇದರಲ್ಲಿ ಏನಪ್ಪಾ ಅರ್ಥ ಇದೆ?”

“ಆಂಟಿ, ಕಾಳ ಸಣ್ಣಾಂವ ಇದ್ದಾಗ ಅವರವ್ವ ಬಿಟ್ಟು ಹೋಗ್ಯಾಳ್ರಿ. ಮೂರನೇ ಹಾಡಿನಾಗ ಒಬ್ಬಾಂವ ಕೆಮ್ಮತಾನಲ್ರಿ, ಅಲ್ಲೇ ಇವನ ಎದಿ ಒಡೀತದ.”

“ಸ್ವಲ್ಪ ಮೆತ್ತಗೆ ಒಡೀಲಿ. ಇಯರ್‌ಫೋನ್ ಹಾಕ್ಕೋಬಾರ್ದಾ?”

“ಕಿವಿಯಾಗ ಇಟ್ಕೊಂಡ್ರ ಕಿವಿಗಷ್ಟೇ ಹೋಗ್ತದ್ರಿ. ಮೈಗೆ ಹೋಗ್ಬೇಕಲ್ರಿ.”

ಹೋಗಿತ್ತು, ನನ್ನ ಮೈಗೆ. ಕಾಳ ಎಲ್ಲಿಯವರೆಗೆ ಇರುತ್ತಾನೆಂದು ಮೆಲ್ಲಗೆ ವಿಚಾರಿಸಿದೆ. “ನಿಮ್ಮಂಥಾ ಹಿರೇರ ಆಶೀರ್ವಾದ ಇದ್ರ ವರ್ಷಗಟ್ಲೆ ನಡೀತದ್ರಿ,” ಎಂದು ಕಾಲು ಮುಟ್ಟಿಯೇಬಿಟ್ಟ. ಆಶೀರ್ವದಿಸದೆ ಗತಿಯಿರಲಿಲ್ಲ.

ಅಂದಿನಿಂದ ಧಾರಾವಾಹಿ ನೋಡಲು ಕೂತೆ. ಕಾಳನಿಗೆ ಲಾರಿ ಗುದ್ದಿತು, ಉಳಿದ. ಹಾವು ಕಚ್ಚಿತು, ಸತ್ತದ್ದು ಹಾವು. “ಏನೇ, ಸೀರಿಯಲ್ ಅಂದ್ರೆ ಮೂಗು ಮುರೀತಿದ್ದವಳು ಈಗ ಕೈಮುಗಿದು ಕೂತಿದೀಯಾ?” ಎಂದರು ಯಜಮಾನರು. “ಪಾಪ, ನಮ್ಮ ಹುಡುಗ ಅಲ್ವೇನ್ರೀ,” ಎಂದೆ.

ಕೊನೆಗೊಂದು ದಿನ ಕಾಳ ಪಾಳು ಬಾವಿಗೆ ಬಿದ್ದ. ಅನುಮಾನಕ್ಕೆಡೆಯಿಲ್ಲದಂತೆ ಹೆಣವನ್ನೂ ತೋರಿಸಿದರು. ಮರುದಿನ ಮನೆಯಿಡೀ ತಣ್ಣಗೆ. ಖುಷಿ ತಡೆಯದೆ ಕೇಸರಿಬಾತ್ ಮಾಡಿ, ಮಹಡಿಗೂ ಒಂದು ಬಟ್ಟಲು ಒಯ್ದೆ. ಶರಣು ಮೆಟ್ಟಿಲ ಮೇಲೆ ಕೂತಿದ್ದ.

“ಪಾತ್ರ ಹೋಯ್ತ್ರಿ ಆಂಟಿ. ಬ್ಯಾರೆ ಯಾವ್ದೂ ಕೈಯಾಗಿಲ್ಲ. ಊರಿಗೆ ಹೋಗ್ಬೇಕಂತ ಮಾಡೀನ್ರಿ.”

ಬಟ್ಟಲಿನ ತುಂಬ ಗೋಡಂಬಿ ಹೊಳೆಯುತ್ತಿತ್ತು. ಸಾವಿನ ಮನೆಗೆ ಅಷ್ಟು ಗೋಡಂಬಿ ಒಯ್ಯಬಾರದಿತ್ತು. ಏನಾದರೂ ಸಮಾಧಾನ ಹೇಳಲೇಬೇಕಾಗಿ ಬಂತು. “ಸತ್ರೇನಪ್ಪಾ, ಸೀರಿಯಲ್‌ನಲ್ಲಿ ಸತ್ತವರು ದೆವ್ವ ಆಗಿ ಬರಲ್ವಾ? ಡೈರೆಕ್ಟರ್ ಹತ್ರ ಒಂದು ಮಾತು ಹೇಳಿ ನೋಡು,” ಎಂದೆ. ಸಮಾಧಾನದ ಮಾತನ್ನು ಯಾರಾದರೂ ನಿಜವಾಗಿ ಜಾರಿಗೆ ತರುತ್ತಾರೆಯೇ? ಇವನು ತಂದ. ಹೋಗಿ ಹೇಳಿದ, ಅವರು ಒಪ್ಪಿದರು.

ಸಿಹಿಯ ಡಬ್ಬಿ ಹಿಡಿದು ಬಂದು, “ನೀವು ನಮ್ಮವ್ವ ಇದ್ದಂಗ್ರಿ,” ಎಂದ. ಡಬ್ಬಿ ತೆಗೆದುಕೊಂಡು ಅವನ ತಲೆ ಸವರಿದೆ. ಆದರೂ ಕೇಳಿಬಿಟ್ಟೆ: “ದೆವ್ವ ಅಂದ್ರೆ ಹೊಸ ಪಾತ್ರ ಅಲ್ವಾ? ಆಲ್ಬಮ್ಮೂ ಹೊಸದು ತಾನೆ?”

“ಮೈ ಹೋಗೇದ್ರಿ ಆಂಟಿ, ಎದಿ ಅದೇ ಅದಲ್ರಿ. ಆಲ್ಬಮ್ಮೂ ಅದೇ.”

ಇದನ್ನು ಬರೆಯುವಾಗ ಮೇಲೆ ಮೂರನೆಯ ಹಾಡು ನಡೆಯುತ್ತಿದೆ. ಮನುಷ್ಯನಾಗಿದ್ದಾಗ ಕಾಳ ಎಂದಾದರೊಂದು ದಿನ ಸತ್ತಾನೆಂಬ ಭರವಸೆಯಾದರೂ ಇತ್ತು. ಧಾರಾವಾಹಿಯವರು ಪಾಪ ಸಾಯಿಸಿಯೇಬಿಟ್ಟಿದ್ದರು. ಎಬ್ಬಿಸಿ ಕೂರಿಸಿದವಳು ನಾನು.