ಅನಧಿಕೃತವಾಗಿ ಒಣಗಿದ ಮೇಜು

ಅಳತೆ ಮತ್ತು ದಾಖಲೆಗಳ ಕೇಂದ್ರ ಕಚೇರಿಯ ಪೂರ್ವ ಭಾಗಕ್ಕೂ ಪಶ್ಚಿಮ ಭಾಗಕ್ಕೂ ನಡುವೆ, ಮಾಳಿಗೆಯಿಂದ ಬುಡದವರೆಗೆ ಸೀಳಿನಂತೆ ಬಿಟ್ಟಿರುವ ಸಂದು ಪೂರ್ವಕ್ಕೂ ಸೇರಿದ್ದಲ್ಲ, ಪಶ್ಚಿಮಕ್ಕೂ ಸೇರಿದ್ದಲ್ಲ. ಆದ್ದರಿಂದ ಸಂದು ಉಸ್ತುವಾರಿ ವಿಭಾಗ ಎಲ್ಲಿದೆ ಎಂದು ಹೇಳುವ ಹೊಣೆ ಯಾವ ಭಾಗದ ನೌಕರರ ಮೇಲೂ ಇರಲಿಲ್ಲ. ಸಲಹೆಗಾರ್ತಿಗೆ ಇದು ಹೊಳೆದದ್ದು ಹಜಾರದಲ್ಲಿ ಒಂದೇ ಒಡಕು ಹೂಕುಂಡವನ್ನು ಮತ್ತೆ ಮತ್ತೆ ಎದುರುಗೊಂಡ ಮೇಲೆ. ಕಟ್ಟಡದ ಸಂದುಗಳಿಗೆ ಸೀಲೆಂಟ್ ಆರಿಸಿ ತುಂಬಿಸುವುದು ಅವಳ ಕಸುಬು. ಸೀಲೆಂಟ್ ಅಂದರೆ ಹಸಿಯಿದ್ದಾಗ ಬೆಣ್ಣೆಯಂತಿದ್ದು, ಬಲಿತ ಮೇಲೆ ರಬ್ಬರಿನಂತೆ ಹಿಗ್ಗಿ ಕುಗ್ಗುವ ಅಂಟು. ಆ ಅಂಟಿನ ನೆಪದಲ್ಲಿ ಅವಳು ಸಮುದ್ರದಾಚೆಯ ಬಂದರುಗಳನ್ನೂ ಮರಳುಗಾಡಿನ ವಿಮಾನ ನಿಲ್ದಾಣಗಳನ್ನೂ ಸುತ್ತಿ ಬಂದಿದ್ದಳು. ಭಾಷೆ ಬಾರದ ಕಡೆ ಬರೀ ಕೈಸನ್ನೆಯಲ್ಲಿ ದಾರಿ ಕೇಳಿ ಗುರಿ ಮುಟ್ಟಿದ್ದಳು. ಸ್ವಂತ ಭಾಷೆಯಲ್ಲಿ ದಾರಿ ತಪ್ಪಿದ್ದು ಇದೇ ಮೊದಲು.

ಹಜಾರದ ತಿರುವಿನಲ್ಲಿ ಒಬ್ಬಾಕೆ ಮೇಜಿನ ಮುಂದೆ ಕೊಡೆ ಬಿಚ್ಚಿಕೊಂಡು ಕೂತಿದ್ದರು. ಕೊಡೆಯ ಹಿಡಿಯನ್ನು ಕುತ್ತಿಗೆ ಹೆಗಲಿನ ನಡುವೆ ಸಿಗಿಸಿಕೊಂಡು, ಬಂದ ಕಾಗದಗಳಿಗೆ ಒಂದೊಂದಾಗಿ ಮೊಹರು ಒತ್ತುತ್ತಿದ್ದರು. ಮೇಲಿನ ಸಂದಿನಿಂದ ನೀರು ಕೊಡೆಯ ಮೇಲೆ ತಟತಟ ಬಿದ್ದು, ಕಡ್ಡಿಗಳ ತುದಿಯಿಂದ ಸುತ್ತ ಇಟ್ಟ ಬಕೆಟ್ಟು, ಚೊಂಬು, ಊಟದ ಡಬ್ಬಿಗಳಿಗೆ ಸಮನಾಗಿ ಹಂಚಿಕೆಯಾಗುತ್ತಿತ್ತು.

“ಅಮ್ಮಾ, ಸಂದು ವಿಭಾಗಕ್ಕೆ ಹೇಗೆ ಹೋಗೋದು?”

ಆಕೆ ಮೊಹರಿನಿಂದಲೇ ಮೇಲೆ ತೋರಿಸಿದರು. “ಸಂದು ಇಲ್ಲಿದೆ. ವಿಭಾಗ ನೆನೀಬಾರದು ಅಂತ ಅದನ್ನ ಮೂರನೇ ಮಹಡಿಯ ಇನ್ನೊಂದು ತುದಿಗೆ ಹಾಕಿದಾರೆ. ನೀವು ದೂರು ಕೊಡೋರಾ?”

“ಸರಿ ಮಾಡೋಳು.”

ಆಕೆ ಕತ್ತೆತ್ತಿದರು. ಕೊಡೆ ವಾಲಿ ಒಂದು ಹನಿ ಮೂಗಿನ ಮೇಲೆ ಬಿತ್ತು. ಕಚೇರಿಯಲ್ಲಿ ಎಲ್ಲರೂ ಅವರನ್ನು ಕೊಡೆಯಮ್ಮ ಅಂತಲೇ ಕರೆಯುತ್ತಿದ್ದರು. ನಿಜವಾದ ಹೆಸರು ಇದ್ದ ಕಡತ ಎಂದೋ ನೆನೆದು ಮುದ್ದೆಯಾಗಿತ್ತು.

“ನೋಡಮ್ಮ ತಂಗಿ, ಬರೋ ವರ್ಷ ನಾನು ರಿಟೈರು. ಸೇರಿದಾಗಿನಿಂದ ಇದೇ ಕುರ್ಚಿ. ಒಂದೇ ಒಂದು ಮಳೆಗಾಲ ಒಣಬಟ್ಟೇಲಿ ಮನೆಗೆ ಹೋಗ್ಬೇಕು ಅಂತ ಆಸೆ. ‘ಅತ್ತೆ, ನೀವು ಹೋಗೋದು ಆಫೀಸಿಗೋ ಈಜೋಕೋ’ ಅಂತಾಳೆ ಸೊಸೆ. ಇದೊಂದು ಮಾಡಿಕೊಡು.” ಕೊಡೆಯನ್ನು ತೆಗೆದು ಅವಳ ಕೈಗಿಟ್ಟರು. “ಮೆಟ್ಟಿಲ ಹತ್ರ ಇನ್ನೂ ಜೋರು, ತಗೊಂಡು ಹೋಗು. ನಾನು ಅಲ್ಲೀವರೆಗೆ ತಲೆ ಮೇಲೆ ಫೈಲು ಇಟ್ಕೋತೀನಿ. ಆದ್ರೆ ನನ್ನ ಕೊಡೆ ನನಗೆ ವಾಪಸ್ ಬರ್ಬೇಕು.”

“ಕೊಡೆ ಏನು ಮಹಾ, ಕೊಡೆಯೇ ಬೇಡದ ಹಾಗೆ ಮಾಡಿಕೊಡ್ತೀನಿ,” ಎಂದಳು ಸಲಹೆಗಾರ್ತಿ. ಈ ಮಾತನ್ನು ಅವಳು ಅನೇಕ ದೇಶಗಳಲ್ಲಿ ಹೇಳಿದ್ದಳು. ಎಲ್ಲ ಭಾಷೆಗಳಲ್ಲೂ ಅದು ಕೇಳಲು ಚೆನ್ನಾಗಿಯೇ ಇರುತ್ತಿತ್ತು.

ಸೀಲೆಂಟ್ ಆಯ್ಕೆ ಸಭೆಯಲ್ಲಿ ಇಬ್ಬರಿದ್ದರು. ಮುಖ್ಯಾಧಿಕಾರಿ ಯಾರು ಏನು ಹೇಳಿದರೂ ತಲೆಯಾಡಿಸುವವರು. ತಪಾಸಣಾಧಿಕಾರಿ ನ್ಯಾಯಪಕ್ಷಪಾತಿ, ಟೀ ಬಂದಾಗಲೂ ಎಲ್ಲ ಲೋಟಗಳ ಮಟ್ಟ ಬಗ್ಗಿ ನೋಡಿದ ಮೇಲೆಯೇ ಕುಡಿಯುವವರು.

“ಬಿಸಿಲಿಗೆ ಕಟ್ಟಡ ಹಿಗ್ಗುತ್ತೆ, ಚಳಿಗೆ ಕುಗ್ಗುತ್ತೆ,” ಎಂದು ಸಲಹೆಗಾರ್ತಿ ಶುರು ಮಾಡಿದಳು. “ಸಂದು ಬಿಟ್ಟಿರೋದೇ ಅದಕ್ಕೆ. ಹಾಗಾಗಿ ಅದರ ಜೊತೆ ತಾನೂ ಅಲ್ಲಾಡೋ ಸೀಲೆಂಟ್ ಬೇಕು.”

“ಅಂದ್ರೆ ಕಟ್ಟಡ ಅಲ್ಲಾಡ್ತಾ ಇದೆ ಅಂತೀರಿ,” ಎಂದರು ತಪಾಸಣಾಧಿಕಾರಿ. “ಕಚೇರಿ ವೇಳೆಯಲ್ಲೂ?”

“ಮಧ್ಯಾಹ್ನವೇ ಹೆಚ್ಚು.”

“ಯಾರ ಅನುಮತಿ ಮೇಲೆ?”

ಮುಖ್ಯಾಧಿಕಾರಿ ತಲೆಯಾಡಿಸಿದರು. ಅನುಮತಿ ಇರಲಿಲ್ಲ. ಅನುಮತಿಯಿಲ್ಲದೆ ಅಲ್ಲಾಡುವ ಕಟ್ಟಡಕ್ಕೆ ಸೀಲೆಂಟ್ ಹಾಕಿದರೆ ಆ ಅಶಿಸ್ತಿಗೆ ಕೈಜೋಡಿಸಿದಂತೆ. ಸಲಹೆಗಾರ್ತಿ ಸೂರ್ಯನ ವಿಚಾರ ಎತ್ತಿದಳು. ಸೂರ್ಯ ಸಭೆಯ ವ್ಯಾಪ್ತಿಗೆ ಬರಲಿಲ್ಲ. ಕೊನೆಗೆ ಕೆಳಕಂಡ ಆದೇಶ ಹೊರಟಿತು:

“ಸದರಿ ಕಟ್ಟಡವು ಬಿಸಿಲು ಮತ್ತು ಚಳಿಯ ನಿಮಿತ್ತ ಇದುವರೆಗೆ ಅಲ್ಲಾಡಿರುವುದಕ್ಕೆ ಘಟನೋತ್ತರ ಅನುಮೋದನೆ ನೀಡಲಾಗಿದೆ. ಇನ್ನು ಮುಂದೆ ಮುಖ್ಯಾಧಿಕಾರಿಗಳ ಗಮನಕ್ಕೆ ತಂದು ಅಲ್ಲಾಡತಕ್ಕದ್ದು.”

ಮುಂದಿನ ತೊಡಕು ಅಂಟಿನದು. ಸೀಲೆಂಟ್ ಸಂದಿನ ಎರಡು ಪಕ್ಕಗಳಿಗೆ ಮಾತ್ರ ಅಂಟಬೇಕು, ತಳಕ್ಕೆ ಅಂಟಕೂಡದು, ಅದಕ್ಕೇ ಅಡಿಯಲ್ಲಿ ಸ್ಪಂಜಿನ ಹಗ್ಗ ಇಡುವುದು ಎಂದಳು.

“ಇದು ತಳಕ್ಕೆ ಮಾಡುವ ಅನ್ಯಾಯ,” ಎಂದರು ತಪಾಸಣಾಧಿಕಾರಿ.

“ಸಾರ್, ತವರಿಗೊಂದು ಕಡೆ, ಗಂಡನ ಮನೆಗೊಂದು ಕಡೆ ಅಂಟ್ಕೊಂಡು ಎಷ್ಟೋ ಹೆಣ್ಣುಮಕ್ಕಳು ಬಾಳ್ತಾರೆ. ಆ ಕಡೆ ಎಳೆದರೆ ಆ ಕಡೆ ಹಿಗ್ತಾರೆ, ಈ ಕಡೆ ಎಳೆದರೆ ಈ ಕಡೆ. ಅಡಿಯಲ್ಲಿ ಮೂರನೇದೊಂದು ಹಿಡ್ಕೊಂಡ್ರೆ ಹಿಗ್ಗೋಕೆ ಜಾಗ ಎಲ್ಲಿ? ಹರಿದೇ ಹೋಗ್ತಾರೆ.”

ಮುಖ್ಯಾಧಿಕಾರಿ ತಲೆಯಾಡಿಸುವುದನ್ನು ನಿಲ್ಲಿಸಿದರು. “ನಮ್ಮನೇಲಿ ನಾನೇ ಆ ಮೂರನೇದು,” ಎಂದರು ಮೆಲ್ಲಗೆ. ಸೀಲೆಂಟ್ ಮಂಜೂರಾಯಿತು.

ಕೊಡೆ ಮಾತ್ರ ಅಂದೇ ಸಲಹೆಗಾರ್ತಿಯ ಜೊತೆ ಮನೆಗೆ ಹೋಯಿತು. ಮನೆಯೆಂದರೆ ಮೇಲೆ ಅವಳು, ಕೆಳಗೆ ಅವಳ ಅಕ್ಕ. ಅವಳ ಬಚ್ಚಲಿನ ಮೂಲೆಯ ಸಂದು ಎಂದಿನಿಂದಲೋ ಬಾಯಿ ಬಿಟ್ಟಿತ್ತು. ಮೇಲೆ ಅವಳು ಸ್ನಾನ ಮಾಡಿದರೆ ಕೆಳಗೆ ಅಕ್ಕನಿಗೆ ಕಡ್ಡಾಯವಾಗಿ ಇನ್ನೊಂದು ಸ್ನಾನ. “ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದು ಅಕ್ಕ ಬಾಗಿಲಲ್ಲೇ ಕೊಡೆ ಕಸಿದುಕೊಂಡಳು. “ವಿಮಾನ ನಿಲ್ದಾಣದ ಸಂದು ಮುಚ್ತಾಳಂತೆ. ಇದು ನನ್ನ ಬಚ್ಚಲಲ್ಲಿರ್ಲಿ.”

ಮಳೆ ಬಿಡುವು ಕೊಟ್ಟ ವಾರ ಕೆಲಸ ನಡೆಯಿತು. ಸಂದಿನ ಹಳೇ ಕಸ ಕೆರೆದು, ಧೂಳು ಊದಿ, ಪಕ್ಕಗಳನ್ನು ಒಣಗಿಸಿ, ಹಗ್ಗ ಇಳಿಸಿ, ಅಂಚಿಗೆ ಟೇಪು ಹಚ್ಚಿ, ಟ್ಯೂಬು ಒತ್ತುವ ಗನ್ನಿನಿಂದ ಒಂದೇ ಎಳೆಯಲ್ಲಿ ಸೀಲೆಂಟ್ ತುಂಬಿ, ಚಮಚದ ಬೆನ್ನಿನಂಥ ಕಡ್ಡಿಯಿಂದ ನೇವರಿಸಿ, ಟೇಪು ಕಿತ್ತರು. ಸಲಹೆಗಾರ್ತಿ ಬಿಸಿಲಲ್ಲಿ ಮಾಳಿಗೆಯ ಮೇಲೆ ಬಗ್ಗಿಕೊಂಡೇ ಇದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇದು ನಿಜಕ್ಕೂ ಮುದ್ದಾಗಿತ್ತು.

ಸೀಲೆಂಟ್ ಬಲಿಯಿತು, ಮಳೆ ಬಂತು, ನೀರು ಬರಲಿಲ್ಲ. ಕೊಡೆಯಮ್ಮ ಬಕೆಟ್ಟು ಚೊಂಬುಗಳನ್ನು ಮನೆಗೆ ಸಾಗಿಸಿದರು. ಕುತ್ತಿಗೆ ಮಾತ್ರ ಹಳೇ ಅಭ್ಯಾಸಕ್ಕೆ ಒಂದು ಕಡೆ ವಾಲಿಯೇ ಇತ್ತು.

“ಸೊಸೆ ಏನಂದ್ಲು?”

“‘ಅತ್ತೆ, ಇವತ್ತು ಆಫೀಸಿಗೆ ಹೋಗ್ಲಿಲ್ವಾ’ ಅಂದ್ಲು.” ಕೊಡೆಯಮ್ಮ ನಕ್ಕರು. “ಆದ್ರೂ ನನ್ನ ಕೊಡೆ?”

“ಇನ್ಯಾಕಮ್ಮ ಕೊಡೆ?” ಎಂದಳು ಸಲಹೆಗಾರ್ತಿ, ಗೆದ್ದವರ ಔದಾರ್ಯದಿಂದ.

ಇಲ್ಲಿಗೇ ಮುಗಿಸಿ ಅವಳು ಮುಂದಿನ ಊರಿನ ಟಿಕೆಟ್ ತೆಗೆಸಬಹುದಿತ್ತು. ಆದರೆ ಎಳೆತದ ಪರೀಕ್ಷೆ ಬಾಕಿಯಿತ್ತು. ಯಾರೂ ಕೇಳದಿದ್ದರೂ ಅದನ್ನು ಶಿಫಾರಸಿನಲ್ಲಿ ಬರೆದವಳು ಅವಳೇ. ಆ ಪರೀಕ್ಷೆಯನ್ನು ನಾಲ್ಕು ಜನರ ಮುಂದೆ ಮಾಡಿ ತೋರಿಸುವುದೆಂದರೆ ಅವಳಿಗೆ ಮದುಮಗಳ ಸಡಗರ. ಬಲಿತ ಸೀಲೆಂಟನ್ನು ಒಂದು ಗೇಣು ಉದ್ದ ಕತ್ತರಿಸಿ, ತುದಿ ಹಿಡಿದು ಎಳೆಯಬೇಕು. ಅದು ಪಕ್ಕ ಬಿಟ್ಟು ಸಲೀಸಾಗಿ ಎದ್ದುಬಂದರೆ ಫೇಲು. ಪಕ್ಕ ಬಿಡದೆ, ಹಿಗ್ಗಿ ಹಿಗ್ಗಿ ತಾನೇ ತುಂಡಾದರೆ ಪಾಸು. ಆಮೇಲೆ ಆ ಗೇಣು ಜಾಗಕ್ಕೆ ಹೊಸದಾಗಿ ತುಂಬಬೇಕು.

ಅವಳು ಎಳೆದಳು. ಸೀಲೆಂಟ್ ಪಾಸಾಯಿತು. ನಾಲ್ಕು ಜನ ಚಪ್ಪಾಳೆಯನ್ನೂ ತಟ್ಟಿದರು.

“ಒಂದು ಗೇಣಿಗೆ ಪರೀಕ್ಷೆ, ಉಳಿದದ್ದಕ್ಕೆ ಪುಕ್ಕಟೆ ಪಾಸಾ?” ಎಂದರು ತಪಾಸಣಾಧಿಕಾರಿ. “ನನ್ನ ಮಗಳ ಶಾಲೆಯಲ್ಲೇ ಹಾಗಿಲ್ಲ. ಒಂದು ಮಗು ಬರೆದರೆ ತರಗತಿಗೆಲ್ಲ ಪಾಸು ಅಂತಾರಾ? ಪೂರ್ತಿ ಎಳೀರಿ.”

“ಸಾರ್, ಪೂರ್ತಿ ಎಳೆದ್ರೆ ಸಂದಿನಲ್ಲಿ ಏನು ಉಳಿಯುತ್ತೆ?”

“ಫಲಿತಾಂಶ.”

ಮುಖ್ಯಾಧಿಕಾರಿ ತಲೆಯಾಡಿಸಿದರು. ಮಾಳಿಗೆಯ ಈ ತುದಿಯಿಂದ ಆ ತುದಿಗೆ, ಗೇಣು ಗೇಣಾಗಿ, ಸೀಲೆಂಟನ್ನು ಕತ್ತರಿಸಿ ಎಳೆಯಲಾಯಿತು. ಪಕ್ಕಕ್ಕೆ ಮೆತ್ತಿಕೊಂಡು ಉಳಿದದ್ದನ್ನೂ ಅಂಟಿನ ಪ್ರಮಾಣ ತಿಳಿಯಲು ಕೆರೆದು ತೆಗೆಯಲಾಯಿತು. ಒಂದೇ ಒಂದು ಗೇಣೂ ಫೇಲಾಗಲಿಲ್ಲ. ಸಂಜೆಗೆ ಸೀಲೆಂಟ್ ಸಂಪೂರ್ಣವಾಗಿ ಪಾಸಾಗಿ, ಸಂಪೂರ್ಣವಾಗಿ ಒಂದು ಗೋಣಿಚೀಲದಲ್ಲಿತ್ತು.

“ಮತ್ತೆ ತುಂಬಿಸೋಣ ಸಾರ್.”

“ಮತ್ತೆ ತುಂಬೋದು ಪರೀಕ್ಷೆಯಾಗದ ಮಾಲು. ಪಾಸಾದ ಸಂದಿಗೆ ಅಂಥದ್ದನ್ನ ಹೇಗೆ ಬಿಟ್ಕೊಳ್ಳೋದು? ಪರೀಕ್ಷೆ ಮಾಡೋಣ ಅಂದ್ರೆ ಮತ್ತೆ ಕೀಳ್ಬೇಕು. ನೀವೇ ಯೋಚನೆ ಮಾಡಿ.”

ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು. ಸಲಹೆಗಾರ್ತಿ ಯೋಚನೆ ಮಾಡಿದಳು. ತಪಾಸಣಾಧಿಕಾರಿ ಮುಂದಿಟ್ಟ ಪ್ರಮಾಣಪತ್ರ ಓದಿದಳು. ಸೀಲೆಂಟ್ ಉತ್ತಮ, ಅಂಟು ಅತ್ಯುತ್ತಮ, ಆಯ್ಕೆ ಮಾಡಿದವರು ಅನುಭವಿಗಳು ಎಂದಿತ್ತು. ಹುಡುಕಿದರೂ ಒಂದು ಸುಳ್ಳು ಸಿಗಲಿಲ್ಲ; ‘ಅನುಭವಿಗಳು’ ಎಂಬಲ್ಲಿ ಕಣ್ಣು ತುಸು ಹೆಚ್ಚೇ ನಿಂತಿತು. ಸಹಿ ಹಾಕಿದಳು. ಮೇಲಿನಿಂದ ಹನಿ ಬಿದ್ದು ಸಹಿ ಕಲಸಿಹೋಯಿತು; ಇನ್ನೊಮ್ಮೆ ಹಾಕಿದಳು.

ಮರುದಿನ ಗೋಡೆಯ ಮೇಲೆ ಪ್ರಕಟಣೆ ಬಂತು:

“ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಕಚೇರಿಯ ಸಂದು ಪೂರ್ಣ ಉದ್ದಕ್ಕೆ ಪರೀಕ್ಷಿಸಲ್ಪಟ್ಟು ಸೋರುವುದಿಲ್ಲವೆಂದು ದೃಢಪಟ್ಟಿರುತ್ತದೆ. ಆದ್ದರಿಂದ ಸಂದಿನ ಮೂಲಕ ಬರುವ ನೀರನ್ನು ಸೋರಿಕೆ ಎಂದು ಕರೆಯತಕ್ಕದ್ದಲ್ಲ. ಅದು ಮಳೆ. ಸಂದಿನ ಕೆಳಗೆ ಕೂರುವವರು ಕಚೇರಿ ವೇಳೆಯಲ್ಲಿ ಸ್ವಂತ ಕೊಡೆ ಬಿಚ್ಚಿಕೊಂಡಿರತಕ್ಕದ್ದು. ತಪ್ಪಿದಲ್ಲಿ ಉದ್ದೇಶಪೂರ್ವಕವಾಗಿ ನೆನೆದಿದ್ದಾರೆಂದು ಭಾವಿಸಿ ಕ್ರಮ ಜರುಗಿಸಲಾಗುವುದು.”

ಕೊಡೆಯಮ್ಮ ತಲೆಯ ಮೇಲೆ ಫೈಲು ಇಟ್ಟುಕೊಂಡು ಪ್ರಕಟಣೆಯನ್ನು ಎರಡು ಸಲ ಓದಿದರು. ಬೈಯಲಿಲ್ಲ. “ತಂಗಿ, ಆ ದೊಡ್ಡ ಮಾತು ಹೋಗ್ಲಿ ಬಿಡು. ನನ್ನ ಕೊಡೆಯಾದ್ರೂ ತಂದುಕೊಡು,” ಎಂದರು. ಬೈದಿದ್ದರೆ ವಾಸಿಯಿತ್ತು.

ಅಕ್ಕ ಕೊಡೆ ಬಿಡಲಿಲ್ಲ. “ಮೊದಲು ಬಚ್ಚಲು ಸೋರೋದು ನಿಲ್ಲಿಸು. ಆಮೇಲೆ ಯಾವ ಅಮ್ಮನಿಗಾದ್ರೂ ಕೊಡು.”

ಸಲಹೆಗಾರ್ತಿಯ ಕೈಚೀಲದಲ್ಲಿ ಉಳಿದದ್ದು ಒಂದು ಟ್ಯೂಬು ಸೀಲೆಂಟ್. ಮತ್ತೆ ಮಳೆ ಬಿಡುವು ಕೊಟ್ಟ ದಿನ, ಎಲ್ಲರೂ ಊಟಕ್ಕೆ ಎದ್ದ ಹೊತ್ತಿನಲ್ಲಿ, ಅವಳು ಕಳ್ಳ ಬೆಕ್ಕಿನಂತೆ ಮಾಳಿಗೆ ಹತ್ತಿದಳು. ಕೊಡೆಯಮ್ಮನ ಮೇಜಿಗೆ ನೇರವಾಗಿ ಮೇಲಿದ್ದಷ್ಟು ಸಂದನ್ನು ಒರೆಸಿ, ಹಗ್ಗ ಇಟ್ಟು, ಅರ್ಧ ಟ್ಯೂಬು ತುಂಬಿದಳು. ಬಾಯಿ ಒಡೆದ ಟ್ಯೂಬು ಗಟ್ಟಿಯಾಗುವ ಮುನ್ನ ಮನೆಗೆ ಓಡಿ, ಮಿಕ್ಕರ್ಧವನ್ನು ಬಚ್ಚಲ ಮೂಲೆಗೆ ತುಂಬಿದಳು. ಬಲಿಯುವ ತನಕ ಅವಳ ಸ್ನಾನ ಕೆಳಗೆ ಅಕ್ಕನ ಮನೆಯಲ್ಲೇ, ಅಕ್ಕನ ಬೈಗುಳದ ಜೊತೆ. ಬಲಿತ ಮೇಲೆ ಅಕ್ಕ ಬಂದು ಬಗ್ಗಿ ನೋಡಿ, “ಗಟ್ಟಿಯಾಗಿದೆಯೋ ಇಲ್ವೋ,” ಎಂದು ಉಗುರು ಹಾಕಿ ಎಳೆಯಲು ಹೋದಳು. ಸಲಹೆಗಾರ್ತಿ ಅಕ್ಕನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಪರೀಕ್ಷೆ ಬೇಡ ಕಣೇ ಅಕ್ಕ. ನಂಬು.”

ಅಕ್ಕ ತಂಗಿಯನ್ನು ಮೊದಲ ಸಲ ಗಾಬರಿಯಿಂದ ನೋಡಿ ಕೊಡೆ ಕೊಟ್ಟಳು.

ಅಂದು ಹೊರಗೆ ಜಡಿಮಳೆ. ಸಲಹೆಗಾರ್ತಿ ಅದೇ ಕೊಡೆ ಹಿಡಿದು ಕಚೇರಿಗೆ ಬಂದಳು. ಕಚೇರಿಯ ಹಜಾರದ ಉದ್ದಕ್ಕೂ ನೌಕರರು ಸಾಲಾಗಿ ಕೊಡೆ ಬಿಚ್ಚಿ ಕೆಲಸ ಮಾಡುತ್ತಿದ್ದರು. ಸಾಲಿನ ನಡುವೆ ಒಬ್ಬರೇ ಬರಿದಲೆಯಲ್ಲಿ ಕೂತಿದ್ದರು, ಒಣಗಿ. ಅವರ ಮೇಜಿನ ಮೇಲೆ ತಪಾಸಣಾಧಿಕಾರಿ ಅಂಗೈ ಚಾಚಿ ನಿಂತಿದ್ದರು. ಪಕ್ಕದಲ್ಲಿ ಮುಖ್ಯಾಧಿಕಾರಿ ಕೊಡೆ ಹಿಡಿದು ತಲೆಯಾಡಿಸುತ್ತಿದ್ದರು.

“ಇಲ್ಲಿ ಮಳೆ ಬರ್ತಾ ಇಲ್ಲ,” ಎಂದರು ತಪಾಸಣಾಧಿಕಾರಿ. “ಇಡೀ ಕಚೇರಿಗೆ ಬರೋ ಮಳೆ ನಿಮಗೆ ಮಾತ್ರ ಯಾಕಿಲ್ಲ? ಇದು ಅನಧಿಕೃತವಾಗಿ ಒಣಗೋದು. ಮೇಲೆ ಪರೀಕ್ಷೆಯಾಗದ ಮಾಲು ಏನೋ ಇರ್ಬೇಕು. ಕಳಿಸ್ತೀನಿ, ಎಳೆದು ನೋಡ್ಲಿ.”

“ಸಾರ್, ನಾನು ಕೂತ ಜಾಗ ಬಿಟ್ಟು ಎದ್ದಿಲ್ಲ,” ಎಂದರು ಕೊಡೆಯಮ್ಮ. ವಾಲಿದ ಕುತ್ತಿಗೆ ನೆಟ್ಟಗಾಗಿತ್ತು, ಹೆದರಿಕೆಗೆ.

ತನ್ನ ಮಾತಿನಿಂದ ಆ ಕಚೇರಿಯಲ್ಲಿ ಇದುವರೆಗೆ ಆದದ್ದೆಲ್ಲ ಸಲಹೆಗಾರ್ತಿಗೆ ನೆನಪಿತ್ತು. ನೇರವಾಗಿ ಹೋಗಿ, ತಪಾಸಣಾಧಿಕಾರಿಯ ಚಾಚಿದ ಕೈಗೂ ಕೊಡೆಯಮ್ಮನ ತಲೆಗೂ ನಡುವೆ ಕೊಡೆ ಬಿಚ್ಚಿದಳು. ಕೊಡೆಯಿನ್ನೂ ಬೀದಿಯ ಮಳೆಯಲ್ಲಿ ತೊಯ್ದಿತ್ತು. ಕಡ್ಡಿಗಳ ತುದಿಯಿಂದ ನೀರು ಸುತ್ತಲೂ ತಟತಟ ಉದುರಿತು.

ತಪಾಸಣಾಧಿಕಾರಿ ಕೈ ಹಿಂದಕ್ಕೆ ತೆಗೆದುಕೊಂಡು, ಹನಿಗಳನ್ನು ನೋಡಿ, ಪಕ್ಕದ ಮೇಜಿನ ಹನಿಗಳನ್ನು ನೋಡಿ, ಹೋಲಿಸಿದರು. “ಈಗ ಎಲ್ಲರಿಗೂ ಸಮ,” ಎಂದರು. ಮುಖ್ಯಾಧಿಕಾರಿ ತಲೆಯಾಡಿಸಿದರು. ಇಬ್ಬರೂ ಮುಂದಿನ ಕೊಡೆಯ ಕಡೆ ನಡೆದರು.

ಕೊಡೆಯಮ್ಮನ ಕುತ್ತಿಗೆ ಮೆಲ್ಲಗೆ ಹಳೇ ಜಾಗಕ್ಕೆ ವಾಲಿ ಹಿಡಿಯನ್ನು ಸಿಗಿಸಿಕೊಂಡಿತು. ಅವರು ಮೇಲೆ ನೋಡಿದರು. ಕೊಡೆಯ ಒಳಗೂ ಒಣಗಿತ್ತು, ಕೊಡೆಯ ಮೇಲೂ ಇನ್ನು ಏನೂ ಬೀಳುವಂತಿರಲಿಲ್ಲ.

“ನಾಳೆಯಿಂದ ಬರುವಾಗ ಚೊಂಬಲ್ಲಿ ನೀರು ತರ್ತೀನಿ,” ಎಂದರು ಪಿಸುದನಿಯಲ್ಲಿ. “ಸಾಹೇಬ್ರು ಬರೋ ಹೊತ್ತಿಗೆ ಕೊಡೆ ಮೇಲೊಂದಿಷ್ಟು ಹಾಕ್ಕೊಂಡ್ರಾಯ್ತು. ಇಲ್ಲೊಂದು ಕಡ್ಡಿ ಮುರಿದಿದೆಯಲ್ಲ?”

“ಅಕ್ಕನ ಬಚ್ಚಲಲ್ಲಿ ಮುರೀತು.”

“ಇರ್ಲಿ ಬಿಡು.” ಕೊಡೆಯಮ್ಮ ಮೊಹರನ್ನು ಮಸಿಗೆ ಒತ್ತಿ, ಬಂದ ಕಾಗದಕ್ಕೆ ಒತ್ತುವಂತೆಯೇ, ಕೊಡೆಯ ಅಂಚಿನ ಬಟ್ಟೆಯ ಮೇಲೆ ಒತ್ತಿದರು: ಸ್ವೀಕರಿಸಲಾಗಿದೆ.