ಕಮಲಾಪುರದ ಕೊಸರಿನ ಮೇಲೆ ಕೈಗೊಂಡ ಅಂತಾರಾಷ್ಟ್ರೀಯ ಕ್ರಮ

ಕಮಲಾಪುರದ ಕೆಂಬಾಳೆಯಿಂದ ಜಗತ್ತಿನ ಬಡತನವನ್ನು ನಿವಾರಿಸಬಹುದೆಂಬುದು ಈಗ ಅಧಿಕೃತವಾಗಿ ಒಪ್ಪಿಕೊಳ್ಳಲಾದ ಸಂಗತಿ. ಇದನ್ನು ಕಂಡುಹಿಡಿದದ್ದು ಒಂದು ಶ್ರೀಮಂತ ದೇಶ. ತನ್ನ ಹೆಸರನ್ನು ಎಲ್ಲೂ ಹೇಳಬಾರದೆಂಬ ಷರತ್ತಿನ ಮೇಲೆ ಅದು ನೆರವು ಕೊಟ್ಟಿರುವುದರಿಂದ ಇಲ್ಲಿ ಹೆಸರು ಬರೆದಿಲ್ಲ. ನೆರವಿನ ಹಣದಲ್ಲಿ ಅದೇ ದೇಶದ ತಂಪುಪೆಟ್ಟಿಗೆ ಕೊಳ್ಳಬೇಕೆಂಬುದು ಇನ್ನೊಂದು ಷರತ್ತು. ಷರತ್ತಿಲ್ಲದ ನೆರವು ಪಡೆದವರನ್ನು ಸೋಮಾರಿಗಳನ್ನಾಗಿ ಮಾಡುತ್ತದೆಂದು ಅಧ್ಯಯನಗಳು ಹೇಳುತ್ತವೆ. ಅಧ್ಯಯನಗಳೂ ಅದೇ ದೇಶದವು.

ಯೋಜನೆಯ ಜಾರಿಗಾಗಿ ಕಲಬುರಗಿಯ ಸ್ಟೇಶನ್ ಬಜಾರದ ಲಾಡ್ಜೊಂದರ ಮೇಲ್ಮಹಡಿಯಲ್ಲಿ ಕೆಂಬಾಳೆ ರಫ್ತು ಉತ್ತೇಜನ ಕೋಶವನ್ನು ತೆರೆಯಲಾಯಿತು. ಮುಖ್ಯಸ್ಥರಾಗಿ ಪಾಂಡುರಂಗರಾಯರು ಬಂದರು. ನೆರವು ಕೊಟ್ಟ ದೇಶದ ಪರವಾಗಿ ಸಲಹೆ ನೀಡಲು ಮೃದುಲಾ ಮೇಡಂ ನೇಮಕಗೊಂಡರು. ಫಲಾನುಭವಿಯಾಗಿ, ಕಮಲಾಪುರದ ಹೆದ್ದಾರಿ ಬದಿಯಲ್ಲಿ ತಮ್ಮ ತೋಟದ ಹಣ್ಣನ್ನು ಬುಟ್ಟಿಯಲ್ಲಿಟ್ಟು ಮಾರುವ ಹಣಮಮ್ಮನವರು ಆಯ್ಕೆಯಾಗಿ ತಂಪುಪೆಟ್ಟಿಗೆ ಪಡೆದರು. ಆಯ್ಕೆಯ ದಿನ ಅಲ್ಲಿ ಕುಳಿತಿದ್ದವರು ಅವರೊಬ್ಬರೇ.

ಮೊದಲ ಪೆಟ್ಟಿಗೆಗಳನ್ನು ಹಣಮಮ್ಮ ತಾವೇ ತುಂಬಿದರು. ಡಜನ್ ಎಣಿಸಿದ ಮೇಲೆ ಗಿರಾಕಿಗೆ ಇನ್ನೊಂದು ಹಣ್ಣನ್ನು ಸುಮ್ಮನೆ ಕೊಡುವುದು ಅಲ್ಲಿನ ರೂಢಿ. ಅದಕ್ಕೆ ಕೊಸರು ಎನ್ನುತ್ತಾರೆ. ಹೊರದೇಶದ ಗಿರಾಕಿಯೂ ಗಿರಾಕಿಯೇ ಎಂದುಕೊಂಡು ಅವರು ಪ್ರತಿ ಡಜನ್ನಿಗೂ ಕೊಸರು ಹಾಕಿದರು. ನೆರವು ಕೊಟ್ಟ ದೇಶದ ಬಂದರಿನಲ್ಲಿ ಈ ಹೆಚ್ಚುವರಿ ಹಣ್ಣುಗಳು ಪತ್ತೆಯಾದವು. ಬಿಟ್ಟಿ ಹಣ್ಣು ಹಂಚಿ ಅಲ್ಲಿನ ಮಾರುಕಟ್ಟೆಯನ್ನು ಹಾಳುಮಾಡಲು ಹಣಮಮ್ಮ ಹೊರಟಿದ್ದಾರೆಂದು ತನಿಖೆಯಲ್ಲಿ ಸಾಬೀತಾಯಿತು. ಆ ದೇಶದಲ್ಲಿ ಬಾಳೆ ಬೆಳೆಯುವುದಿಲ್ಲ. ಆದರೆ ಮುಂದೆ ಯಾರಿಗಾದರೂ ಬೆಳೆಯುವ ಮನಸ್ಸಾದರೆ ಅವರ ಗತಿಯೇನು ಎಂಬ ಪ್ರಶ್ನೆ ಗಂಭೀರವಾದದ್ದೇ.

ಕೆಂಬಾಳೆಯ ಮೇಲೆ ದಂಡಸುಂಕ ಬಿತ್ತು, ರಫ್ತು ನಿಂತಿತು. ರಾಯರು ಕೂಡಲೇ ಪ್ರಕಟಣೆ ಹೊರಡಿಸಿದರು:

"ಕಮಲಾಪುರ ವ್ಯಾಪ್ತಿಯಲ್ಲಿ ಕೊಸರು ಕೊಡುವುದು, ಕೇಳುವುದು ಹಾಗೂ ಕೊಸರಿನ ಆಸೆಯಿಂದ ಬುಟ್ಟಿಯ ಮುಂದೆ ಸುಮ್ಮನೆ ನಿಲ್ಲುವುದನ್ನು ಮುಕ್ತ ವ್ಯಾಪಾರದ ಹಿತದೃಷ್ಟಿಯಿಂದ ನಿಷೇಧಿಸಲಾಗಿದೆ."

ಮೇಲ್ವಿಚಾರಣೆಗೆ ರಾಯರೇ ಬುಟ್ಟಿಯ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತರು. ಟಂಟಂ ಆಟೋ ಓಡಿಸುವ ದತ್ತಪ್ಪ ಎಂದಿನಂತೆ ಬಂದು, ಡಜನ್ ಎಣಿಸಿಕೊಂಡು, ಕೈ ಚಾಚಿದರು.

"ಕೊಸರು ಎಲ್ಲದ ಅಕ್ಕಾ?"

"ಇವರನ್ನ ಕೇಳಪಾ. ಅದಕ್ಕಂತನ ಕುರ್ಚಿ ಹಾಕ್ಕೊಂಡು ಕುಂತಾರ."

"ಕೊಸರಿಲ್ಲದ ಹಣ್ಣು ಮನಿಗೆ ಒಯ್ದರ ನನ್ನ ಹೆಂಡ್ತಿ ನಿನಗ ವ್ಯವಹಾರ ಗೊತ್ತಿಲ್ಲ ಅಂತಾಳ. ಬ್ಯಾಡ ಬಿಡು." ದತ್ತಪ್ಪ ಹಣ್ಣನ್ನು ಬುಟ್ಟಿಗೆ ಮರಳಿಸಿದರು. ಅವರ ಹಿಂದೆ ಬಂದವರೂ ಹಾಗೆಯೇ ಮಾಡಿದರು.

"ಸಾಹೇಬ್ರ," ಎಂದರು ಹಣಮಮ್ಮ, "ತೋಟದಾಗ ಗೊನಿ ಎಲ್ಲಾ ಒಮ್ಮೆಲೆ ಹಣ್ಣಾಗಾಕತ್ತಾವ. ಹೊರದೇಶಕ್ಕ ಹೋಗಂಗಿಲ್ಲ, ಊರಾಗ ಯಾರೂ ತಗೊವಲ್ರು. ನಿಮ್ಮ ತಂಪುಪೆಟಗಿಯಾಗ ಇಟ್ಟಿದ್ದು ಕರ್ರಗಾಗಿ ಬದನಿಕಾಯಿ ಆಗ್ಯಾವ. ಈ ವಾರ ಮಾರದಿದ್ರ ವರ್ಷದ ಬೆಳಿ ತಿಪ್ಪಿಗೆ ಹೋಗ್ತದ."

"ತಾಳ್ಮಿ ಇರಲಿ ಹಣಮಮ್ಮಾ. ಅಭಿವೃದ್ಧಿಗೆ ಬಾಳಿಹಣ್ಣಿನಷ್ಟು ಗಡಿಬಿಡಿ ಇರಂಗಿಲ್ಲ."

ಪರಿಹಾರ ಹುಡುಕಿದ್ದು ರಾಯರ ಪಕ್ಕದಲ್ಲೇ ಕುಳಿತಿದ್ದ ಮೃದುಲಾ ಮೇಡಂ. "ಸರ್, ವ್ಯಾಪಾರದಾಗ ಬಿಟ್ಟಿ ಕೊಟ್ರ ಅಪರಾಧ. ನೆರವು ಅಂತ ಕೊಟ್ರ ಸತ್ಕಾರ್ಯ. ಹಣಮಮ್ಮ ದಾನಿ, ದತ್ತಪ್ಪ ಅಭಿವೃದ್ಧಿಶೀಲ. ಮುಗೀತು."

"ಷರತ್ತಿಲ್ಲದ ನೆರವು ಹೆಂಗ್ರಿ ಮೇಡಂ?" ರಾಯರು ಹಣಮಮ್ಮನ ಕಡೆ ತಿರುಗಿದರು. "ನೀ ಏನ್ ಷರತ್ತು ಹಾಕ್ತಿ?"

"ಏನ್ ಷರತ್ತು?" ಹಣಮಮ್ಮ ರೇಗಿದರು. "ನನ್ನ ಹತ್ರ ಡಜನ್ ತಗೊಂಡವರಿಗೆ ಒಂದು. ಮತ್ತೇನು, ಹಾದ್ಯಾಗ ಹೋಗೋರಿಗೆಲ್ಲ ಹಂಚ್ಲೇನು?"

ಮೃದುಲಾ ಮೇಡಂ ಎದ್ದು ನಿಂತರು. "ನೆರವು ಬೇಕಂದ್ರ ದಾನಿಯ ಮಾಲೇ ಕೊಳ್ಳಬೇಕು! ಸರ್, ಇದು ಅಂತಾರಾಷ್ಟ್ರೀಯ ಮಟ್ಟದ ಷರತ್ತು."

ಅನುಮೋದನೆ ಬರಲು ತಡವಾಗಲಿಲ್ಲ. ಹಣಮಮ್ಮನವರನ್ನು ದಾನಿ ಎಂದು ಘೋಷಿಸಲಾಯಿತು. ದಾನಿಗಳು ನೆರವು ಪಡೆಯುವಂತಿಲ್ಲವಾದ್ದರಿಂದ ತಂಪುಪೆಟ್ಟಿಗೆಯನ್ನು ಹಿಂದಕ್ಕೆ ಪಡೆಯಲಾಯಿತು. ಅದೀಗ ಕೋಶದ ಕಚೇರಿಯಲ್ಲಿದ್ದು, ರಾಯರ ಮಜ್ಜಿಗೆಯನ್ನು ತಣ್ಣಗಿಡುವ ಮೂಲಕ ಯೋಜನೆಗೆ ನೆರವಾಗುತ್ತಿದೆ. ಹಣ್ಣು ಮತ್ತೆ ಮಾರಾಟವಾಗತೊಡಗಿತು. ಎರಡೇ ದಿನಕ್ಕೆ ತೋಟದ ಅರ್ಧದಷ್ಟು ಗೊನೆಗಳು ಖಾಲಿಯಾದವು.

ನೆರವು ಪಡೆದವರ ಪ್ರಗತಿಯನ್ನು ಪರಿಶೀಲಿಸುವುದು ನಿಯಮ. ರಾಯರು ಬುಟ್ಟಿಯ ಬಳಿ ದತ್ತಪ್ಪನವರ ಟಂಟಂ ನಿಲ್ಲಿಸಿ ಕೇಳಿದರು: "ಹಣಮಮ್ಮನ ನೆರವಿನಿಂದ ನಿಮ್ಮ ಸ್ಥಿತಿ ಏನಾದ್ರೂ ಸುಧಾರಿಸ್ಯಾದೇನು?"

ದತ್ತಪ್ಪ ಹಣ್ಣು ನುಂಗಿ ಸ್ವಲ್ಪ ಯೋಚಿಸಿದರು. "ಇಲ್ರೀ ಸಾಹೇಬ್ರ. ಇನ್ನೂ ಭಾಳ ಹಿಂದುಳದೀನಿ. ಎರಡೆರಡು ಹಾಕಿಸಿದ್ರ ಏನಾರ ಆಗಬಹುದು."

ರಾಯರು ಅಲ್ಲಿಯೇ ಶಿಫಾರಸು ಮಾಡಿದರು. ಇದನ್ನು ಕೇಳಿ ಟಂಟಂನಲ್ಲಿದ್ದ ಪ್ರಯಾಣಿಕರೆಲ್ಲ ಕೆಳಗಿಳಿದು, ತಾವೂ ಹಿಂದುಳಿದಿರುವುದಾಗಿ ತಿಳಿಸಿ, ಶಿಸ್ತಿನಿಂದ ಸಾಲಾಗಿ ನಿಂತರು. ಹಣಮಮ್ಮ ಸೆರಗು ಬಿಗಿದುಕೊಂಡು ಬುಟ್ಟಿಯನ್ನು ಮುಂದಕ್ಕೆಳೆದರು.

"ಮೊದ್ಲಿಗೆ ಡಜನ್ ತಗೋರಿ. ಆಮ್ಯಾಲ ಎಷ್ಟಾರ ಹಿಂದುಳೀರಿ."