ಚಿಪ್ ಇಲ್ಲದ ಊರಿನಲ್ಲಿ ಯಾರು ನೋಡ್ತಾರೆ?

ನಿಯಮ ಒಂದೇ ಇತ್ತು. ನಮ್ಮ ಊರಿನಲ್ಲಿ ಚಿಪ್ ಎಂಬ ವಸ್ತು ಹುಟ್ಟಿಲ್ಲ. ಆದ್ದರಿಂದ ಚಿಪ್ ಬೇಕಾಗುವ ಯಾವುದೂ ಇಲ್ಲಿ ಇರಕೂಡದು. ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ನಾನೇ ಆಫೀಸಿನ ಗೋಡೆಗೆ ಅಂಟಿಸಿದ್ದೆ. ಮಾರನೆಯ ದಿನ ನೋಡಿದರೆ ಅದರ ಕೆಳಗೆ ಯಾರೋ ವೈಫೈ ಪಾಸ್‌ವರ್ಡ್ ಬರೆದಿದ್ದರು. ನನ್ನ ಕೆಲಸದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ಊರು ಎಂದರೆ ನಿಜವಾದ ಊರಲ್ಲ. ರಾಜಾಜಿನಗರದಲ್ಲಿ, ಒಂದು ಮನೆಯ ಮಹಡಿಯ ಮೇಲೆ, ವಿಡಿಯೋ ಗೇಮ್ ತಯಾರಿಸುವ ಪುಟ್ಟ ಕಂಪನಿಯೊಂದಿದೆ. ಅಲ್ಲಿ ತಯಾರಾಗುತ್ತಿದ್ದುದು ಹಳೆಯ ಕಾಲದವರು ಕನಸು ಕಂಡಿರಬಹುದಾದ ಮುಂದಿನ ಕಾಲದ ಬೆಂಗಳೂರು. ಆ ಊರಿನಲ್ಲಿ ಡಬಲ್ ಡೆಕರ್ ಬಸ್ಸು ಉಗಿಯ ಬಲದಿಂದ ಹಾರುತ್ತದೆ. ಪೊಲೀಸರು ಹಿತ್ತಾಳೆಯ ಯಂತ್ರಮಾನವರು. ಕಾಗದಪತ್ರಗಳು ಮನೆಯಿಂದ ಮನೆಗೆ ಗಾಳಿಯ ಕೊಳವೆಯಲ್ಲಿ ಓಡುತ್ತವೆ. ಯಂತ್ರಗಳ ಮಿದುಳು ಮಾತ್ರ ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವು.

ನಾನು ಪೀಣ್ಯದ ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದು ನಿವೃತ್ತನಾದವನು. ಓದಿದ್ದು ಕಾನ್ವೆಂಟಿನಲ್ಲಿ, ಮಾರ್ಜಿನ್ ಗೆರೆ ಸೊಟ್ಟಗಾದರೆ ಪುಟವನ್ನೇ ಹರಿದು ಮತ್ತೆ ಬರೆಸುತ್ತಿದ್ದ ಸಿಸ್ಟರುಗಳ ಕೈಯಲ್ಲಿ ಪಳಗಿದವನು. ಆ ಊರಿನೊಳಗೆ ಹೊಂದದ ವಸ್ತು ನುಸುಳದಂತೆ ಕಾಯುವುದು ನನ್ನ ಕೆಲಸ. ಕಂಪನಿಯ ಯಜಮಾನ ನನ್ನ ಅರ್ಧ ವಯಸ್ಸಿನವನು; ಮೊದಲ ದಿನವೇ ಹೇಳಿದ್ದ: "ಸಾರ್, ಹಣ ಹಾಕೋ ಸಾಹೇಬ್ರೊಬ್ರು ಆಟ ನೋಡೋಕೆ ಬರ್ತಾರೆ. ಅವ್ರಿಗೆ ಇಷ್ಟ ಆದ್ರೆ ನಾವು ಉಳ್ಕೊಂಡ್ವಿ. ಇಲ್ಲಾಂದ್ರೆ ಈ ಮಹಡಿ ಮತ್ತೆ ಪಿ.ಜಿ. ಹಾಸ್ಟೆಲ್ ಆಗತ್ತೆ." ಅದಕ್ಕೇ ನಾನು ಬಿಗಿಯಾಗಿದ್ದೆ. ಎಷ್ಟು ಬಿಗಿಯಾದರೂ ಆಫೀಸಿನವರೆಲ್ಲರಿಂದ ಬರುತ್ತಿದ್ದ ಉತ್ತರ ಒಂದೇ: "ಯಾರು ನೋಡ್ತಾರೆ ಸಾರ್?"

ನನ್ನ ಉತ್ತರವೂ ಒಂದೇ: "ನಾನು ನೋಡ್ತೀನಿ."

ಟೀ ಅಂಗಡಿಯ ರಂಗೋಲಿ

ಚಿತ್ರ ಬಿಡಿಸುವ ಹುಡುಗಿ ಬಸವೇಶ್ವರನಗರದವಳು. ಕೈ ಬಹಳ ಚೆನ್ನಾಗಿದೆ. ಒಂದು ದಿನ ಟೀ ಅಂಗಡಿಯೊಂದನ್ನು ಬಿಡಿಸಿ ತೋರಿಸಿದಳು. ತಾಮ್ರದ ಬಾಯ್ಲರು, ಗಾಜಿನ ಲೋಟಗಳು, ಬನ್ನಿನ ಜಾಡಿ, ಹಲ್ಲುಚಕ್ರದ ಗಡಿಯಾರ, ಎಲ್ಲವೂ ಸರಿ. ಗೋಡೆಯ ಮೇಲೆ ಮಾತ್ರ ಕಪ್ಪು ಬಿಳುಪಿನ ಒಂದು ಚೌಕ.

"ಇದೇನಮ್ಮ?"

"ಕ್ಯೂಆರ್ ಕೋಡ್ ಸಾರ್. ಅದಿಲ್ದೆ ಟೀ ಅಂಗಡಿ ಬೋಳು ಬೋಳು ಅನ್ಸತ್ತೆ."

"ಅದನ್ನು ಓದುವ ಫೋನೇ ಹುಟ್ಟಿಲ್ಲವಲ್ಲ?"

"ರಂಗೋಲಿ ಅಂದ್ಕೊಳ್ಳಿ. ಯಾರು ನೋಡ್ತಾರೆ ಸಾರ್?"

ಅದು ರಂಗೋಲಿಯಲ್ಲ ಎಂದು ತೋರಿಸಿಕೊಡಲು ನನ್ನ ಫೋನನ್ನು ಪರದೆಗೆ ಹಿಡಿದೆ. ಟಣ್ ಎಂದಿತು. ನಮ್ಮ ಆಫೀಸಿನ ಎದುರಿನ ಟೀ ಅಂಗಡಿಯವರ ಹೆಸರು ಬಂತು. ಹುಡುಗಿ ಅಲ್ಲಿಯ ಚೌಕದ ಫೋಟೋ ತೆಗೆದು ಹಾಗೇ ತಂದು ಅಂಟಿಸಿದ್ದಳು. ವಿಚಾರಿಸಿದಾಗ ಇನ್ನೊಂದು ವಿಷಯ ಹೊರಬಿತ್ತು. ಆಟ ಪರೀಕ್ಷಿಸುವ ಹುಡುಗರು ಕುರ್ಚಿ ಬಿಟ್ಟು ಏಳದೆ, ಆಟದೊಳಗಿನ ಗೋಡೆಗೇ ಫೋನ್ ಹಿಡಿದು ದುಡ್ಡು ಕೊಟ್ಟು, ಕಿಟಕಿಯಿಂದ "ಅಣ್ಣಾ, ಬಂತಾ? ಎಲ್ಲರಿಗೂ ಟೀ ಮೇಲೆ ಕಳ್ಸಿ" ಎಂದು ಕೂಗುತ್ತಿದ್ದರಂತೆ.

ನಿಂತು ಅಳಿಸಿಹಾಕಿಸಿದೆ. ಮಾರನೆಯ ದಿನ ಟೀ ಅಂಗಡಿಯವರು ರಸ್ತೆಯಲ್ಲಿ ನನ್ನನ್ನು ತಡೆದು ಕೇಳಿದರು:

"ಸಾರ್, ಮೇಲಿದ್ದ ನಮ್ ಬ್ರಾಂಚ್ ಯಾಕೆ ಮುಚ್ಚಿಸಿಬಿಟ್ರಿ?"

ಸೊಪ್ಪಿನ ಜೊತೆ ಬಂದದ್ದು

ಆಟಕ್ಕೆ ಶಬ್ದ ಕೂಡಿಸುವವನು ವಿಜಯನಗರದ ಮಾರುಕಟ್ಟೆಗೆ ಹೋಗಿ ಬೀದಿಯ ಸದ್ದನ್ನು ರೆಕಾರ್ಡ್ ಮಾಡಿ ತಂದ. ಕಣ್ಣು ಮುಚ್ಚಿ ಕೇಳಿದೆ. ಹೂವಿನವರ ಚೌಕಾಸಿ, ತಕ್ಕಡಿಯ ಟಣಟಣ, ಕೊತ್ತಂಬರಿ ಸೊಪ್ಪಿನವರ ಕೂಗು, ಎಲ್ಲ ಸೊಗಸಾಗಿತ್ತು. ಅಷ್ಟರಲ್ಲಿ ಗಾಡಿಯೊಂದರ ಮೈಕು: "ಹಳೇ ಮೊಬೈಲ್, ಕೆಟ್ಟೋಗಿರೋ ಮೊಬೈಲ್, ಡಿಸ್‌ಪ್ಲೇ ಒಡೆದಿರೋ ಮೊಬೈಲ್ ತಗೊಳ್ತೀವಿ..."

"ಇದನ್ನು ತೆಗೆ."

"ಆಗಲ್ಲ ಸಾರ್. ಅದು ಕೊತ್ತಂಬರಿ ಸೊಪ್ಪಿನ ಮೇಲೇ ಕೂತ್ಬಿಟ್ಟಿದೆ. ಅದನ್ನ ಕಿತ್ರೆ ಸೊಪ್ಪೂ ಹೋಗತ್ತೆ. ಅಷ್ಟಕ್ಕೂ ಇದು ಕೇಳೋದು ತಾನೇ, ಯಾರು ನೋಡ್ತಾರೆ?"

ಸೊಪ್ಪನ್ನೂ ಕೀಳಿಸಿದೆ. ಹುಟ್ಟುವ ಮೊದಲೇ ಗುಜರಿಗೆ ಬಿದ್ದ ವಸ್ತು ನಮ್ಮ ಊರಿನಲ್ಲಿ ಆ ಮೊಬೈಲ್ ಒಂದೇ.

ಬಿಸಿಯಾಗುವ ಪೊಲೀಸ್

ವಾಲ್ವ್ ರೇಡಿಯೋ ಇದ್ದ ಮನೆಗಳವರಿಗೆ ಗೊತ್ತು. ಗುಂಡಿ ತಿರುಗಿಸಿದ ಕೂಡಲೇ ಅದು ಮಾತಾಡುವುದಿಲ್ಲ. ಒಳಗಿನ ವಾಲ್ವು ಕೆಂಪಗೆ ಕಾದು ಬಿಸಿಯಾಗುವವರೆಗೆ ಎದುರಿಗೆ ಕೂತು ಕಾಯಬೇಕು. ಹಾಗಾದರೆ ವಾಲ್ವಿನ ಮಿದುಳಿರುವ ಪೊಲೀಸನೂ ಓಡುವ ಮೊದಲು ಬಿಸಿಯಾಗಬೇಕಲ್ಲವೇ? ಕೋಡ್ ಬರೆಯುವವನಿಗೆ ಹಾಗೆಂದೆ. ಅವನು ಮಹಾಲಕ್ಷ್ಮಿ ಲೇಔಟಿನ ಹುಡುಗ, ಬುದ್ಧಿವಂತ, ನಾಲಗೆ ಸ್ವಲ್ಪ ಉದ್ದ.

"ಸಾರ್, ಇವನು ಬಿಸಿಯಾಗೋಷ್ಟರಲ್ಲಿ ಕಳ್ಳ ಕೆಂಗೇರಿ ದಾಟಿರ್ತಾನೆ."

"ದಾಟಲಿ."

ಬರೆದ. ಆದರೆ ಕೆಲವು ದಿನಗಳಲ್ಲೇ ಪೊಲೀಸರು ಕಳ್ಳನನ್ನು ಕಂಡ ಕೂಡಲೇ ಓಡತೊಡಗಿದರು. ಬಿಸಿಯಾಗದೆ ಓಡುವ ಮಿದುಳು ಎಂದರೆ ಚಿಪ್ ಇರುವ ಮಿದುಳು. ಹಿಡಿದು ಕೇಳಿದೆ.

"ಚಿಪ್ ಗಿಪ್ ಏನಿಲ್ಲ ಸಾರ್. ಯಾವಾಗ್ಲೂ ಆನ್ ಮಾಡೇ ಇಟ್ಟಿದೀನಿ. ಯಾರು ನೋಡ್ತಾರೆ?"

"ಹಗಲೂ ರಾತ್ರಿ ಆನ್ ಇದ್ದರೆ ವಾಲ್ವ್ ಸುಟ್ಟುಹೋಗುತ್ತದೆ. ಸುಡುವುದನ್ನೂ ಬರಿ."

ಅವನು ಪಕ್ಕದವನ ಕಡೆ ತಿರುಗಿ, ನನಗೆ ಕೇಳುವಷ್ಟೇ ಮೆಲ್ಲಗೆ, "ಮಗಾ, ಇವ್ರು ಮಾತ್ರ ಯಾವಾಗ್ಲೂ ಬಿಸೀನೇ ಇರ್ತಾರೆ, ಸುಡೋದೇ ಇಲ್ಲ ಕಣೋ" ಎಂದ. ಆದರೂ ಬರೆದ. ಆಟದ ಹೊಸಹಳ್ಳಿ ಸರ್ಕಲ್ಲಿನಲ್ಲಿ ಪೊಲೀಸರ ವಾಲ್ವುಗಳೆಲ್ಲ ಸುಟ್ಟುಹೋಗಿ, ಕೈ ಎತ್ತಿದ್ದವರು ಎತ್ತಿದ ಹಾಗೇ ನಿಂತುಬಿಟ್ಟರು. ನಾಲ್ಕೂ ದಿಕ್ಕಿನ ಗಾಡಿಗಳು ಹಾರ್ನ್ ಹೊಡೆಯುತ್ತ ಒಂದರ ಮೂತಿಗೆ ಇನ್ನೊಂದು ಮೂತಿ ಇಟ್ಟುಕೊಂಡವು. ಆಡಿ ನೋಡಲೆಂದು ಹೊರಗಿನ ಕೆಲವು ಕಾಲೇಜು ಹುಡುಗರನ್ನು ಕರೆಸಿದ್ದೆವು. ಅವರ ಅಭಿಪ್ರಾಯ ಒಂದೇ ಆಗಿತ್ತು:

"ಉಳಿದಿದ್ದೆಲ್ಲಾ ಬರೀ ಗ್ರಾಫಿಕ್ಸ್ ಗುರು. ಈ ಸರ್ಕಲ್ ಮಾತ್ರ ನಮ್ಮೂರು."

ಮಿಸ್ಡ್ ಕಾಲ್

ಸಂಭಾಷಣೆ ಬರೆಯುವಾಕೆ ನಾಯಕಿಯ ಬಾಯಲ್ಲಿ "ಲೊಕೇಶನ್ ಕಳ್ಸು, ಬರ್ತೀನಿ" ಎಂದು ಬರೆದಿದ್ದರು. ಹೊಡೆದುಹಾಕಿದೆ.

"ಮತ್ತೆ ವಿಳಾಸ ಹೇಗೆ ಹೇಳೋದು ಸಾರ್?"

"ಬಾಯಲ್ಲಿ."

ಆಕೆ ನಿಜವಾಗಿಯೂ ಯೋಚನೆಗೆ ಬಿದ್ದರು. ಬಾಯಲ್ಲಿ ದಾರಿ ಹೇಳುವುದು ನಮ್ಮ ಆಫೀಸಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಕೊನೆಗೆ ಕೆಳಗಿನ ಮನೆಯ ಓನರ್ ಆಂಟಿಯನ್ನು ಕರೆತಂದು ಮೈಕಿನ ಮುಂದೆ ಕೂರಿಸಿದೆವು. ಆಟದಲ್ಲಿ ಅವರೊಬ್ಬ ದಾರಿಹೋಕರು. ನಾಯಕಿಯ ತಂದೆಯನ್ನು ಖಳರು ಹೊತ್ತೊಯ್ದಿದ್ದಾರೆ, ಅವಳು ಬಂದು ದಾರಿ ಕೇಳುತ್ತಾಳೆ, ನೀವು ಹೇಳಬೇಕು ಎಂದು ವಿವರಿಸಿದೆವು.

ಆಂಟಿ ಶುರುಮಾಡಿದರು: "ಯಾರ ಮನೆಗೆ? ಏನಾಗ್ಬೇಕು ಅವರು ನಿಂಗೆ? ಒಬ್ಳೇ ಬಂದಿದೀಯಾ? ಅಯ್ಯೋ, ಅಪ್ಪನ್ನ ಹೊತ್ಕೊಂಡ್ಹೋದ್ರಾ? ಹೋಗ್ಲಿ, ತಿಂಡಿ ಆಯ್ತಾ? ನೋಡಮ್ಮ, ಹೀಗೇ ನೇರ ಹೋಗು. ಮೊದ್ಲು ಅಲ್ಲೊಂದು ಟಾಕೀಸ್ ಇತ್ತು, ಈಗಿಲ್ಲ. ಅಲ್ಲಿ ಎಡಕ್ಕೆ ತಿರುಗು. ದೊಡ್ಡ ಹೊಂಗೆ ಮರ ಕಡಿದ್ರಲ್ಲ, ಅಲ್ಲಿ ಬಲಕ್ಕೆ."

ಚಿತ್ರದ ಹುಡುಗಿ ಪೆನ್ನು ಕಚ್ಚಿಕೊಂಡು ಕೇಳಿದಳು: "ಸಾರ್, ಇಲ್ಲದೇ ಇರೋ ಟಾಕೀಸ್ ಹೇಗೆ ಬಿಡಿಸ್ಲಿ?"

ನಾನು ಕೈ ಎತ್ತಿ ಅವಳನ್ನು ಸುಮ್ಮನಾಗಿಸಿದೆ. ಇಷ್ಟು ಹೊತ್ತು ಮಾತಾಡಿಯೂ ಆ ಹೆಂಗಸು ಚಿಪ್ ಬೇಕಾಗುವ ಒಂದು ಮಾತನ್ನೂ ಆಡಿರಲಿಲ್ಲ. ಮನಸ್ಸಿನಲ್ಲೇ ನಮಸ್ಕರಿಸುತ್ತಿರುವಾಗ ಆಂಟಿ ಮುಗಿಸಿದರು: "ಸಿಗ್ಲಿಲ್ಲಾಂದ್ರೆ ಒಂದು ಮಿಸ್ಡ್ ಕಾಲ್ ಕೊಡು."

"ಆಂಟಿ, ಅಲ್ಲಿರುವುದು ಡಯಲ್ ತಿರುಗಿಸುವ ಫೋನು. ಕರೆದವರ ನಂಬರು ಅದರಲ್ಲಿ ಕಾಣುವುದಿಲ್ಲ. ಮಿಸ್ಡ್ ಕಾಲ್ ಯಾರದೆಂದು ನಿಮಗೆ ಹೇಗೆ ಗೊತ್ತಾಗುತ್ತದೆ?"

ಆಂಟಿ ನನ್ನನ್ನು ಕನಿಕರದಿಂದ ನೋಡಿದರು.

"ನಂಬರ್ ಯಾಕಪ್ಪ ಬೇಕು? ನಂಗೆ ಮಿಸ್ಡ್ ಕಾಲ್ ಕೊಡೋಳು ನನ್ನ ತಂಗಿ ಒಬ್ಳೇ. ಅವಳದ್ದಲ್ಲ ಅಂದ್ರೆ ಈ ಹುಡುಗೀದೇ."

ಕಂಡಕ್ಟರ್

ಉಗಿ ಬಸ್ಸಿಗೆ ಒಬ್ಬ ಹಿತ್ತಾಳೆಯ ಕಂಡಕ್ಟರ್ ಬೇಕಾಗಿದ್ದ. ನನ್ನ ಕಾಟ ತಾಳಲಾರದ ಕೋಡ್ ಹುಡುಗ ಅದರಲ್ಲೇ ಒಂದು ಉಪಾಯ ಹೂಡಿದ. ಆಟದ ಪ್ರತಿ ವಸ್ತುವಿಗೂ ಅದು ಯಾವುದರಿಂದ ನಡೆಯುತ್ತದೆ ಎಂಬ ಗುರುತು ಹಾಕುತ್ತಿದ್ದೆವು: ಉಗಿ, ಸ್ಪ್ರಿಂಗು, ವಾಲ್ವು ಇಲ್ಲವೇ ಕೈ. ಬಸ್ಸು ಹತ್ತಿದವರ ಬಳಿ ಗುರುತಿಲ್ಲದ ವಸ್ತು ಇದ್ದರೆ ಕಂಡಕ್ಟರ್ ಸೀಟಿ ಊದುವುದಿಲ್ಲ, ಬಸ್ಸು ಹೊರಡುವುದಿಲ್ಲ. ಮೀಟಿಂಗುಗಳಲ್ಲಿ ನಾನು ಗದರಿದ್ದನ್ನೆಲ್ಲ ರೆಕಾರ್ಡ್ ಮಾಡಿಟ್ಟುಕೊಂಡು ಕಂಡಕ್ಟರಿಗೆ ನನ್ನ ದನಿಯನ್ನೇ ಕೊಟ್ಟಿದ್ದ.

"ಇನ್ಮೇಲೆ ನೀವು ಆರಾಮಾಗಿ ರಜಾ ಹಾಕ್ಬೋದು ಸಾರ್. ನಿಮ್ ಕೆಲಸ ಇವನು ನೋಡ್ಕೊಳ್ತಾನೆ."

ಎಲ್ಲರೂ ನಕ್ಕರು. ನಾನು ಪೂರ್ತಿ ಕೇಳಿದೆ. ಉಚ್ಚಾರ ಸ್ಪಷ್ಟವಾಗಿತ್ತು. ಪಾಸ್ ಮಾಡಿದೆ.

ಹಣ ಹಾಕುವ ಸಾಹೇಬರು ಬರುವ ಹಿಂದಿನ ದಿನ ಯಜಮಾನ ನನ್ನ ಮೇಜಿನ ಬಳಿ ಬಂದು ನಿಂತ. "ಸಾರ್, ಹೀರೋ ಕೈಲಿ ಸ್ಮಾರ್ಟ್‌ಫೋನ್ ಇರ್ಲೇಬೇಕಂತೆ. ಫೋನ್ ಇಲ್ದಿರೋನು ಯಾವ ಸೀಮೆ ಹೀರೋ ಅಂತಾರೆ ಸಾಹೇಬ್ರು."

ನಾನು ಮಾತಾಡಿದೆ. ಒಂದು ಇಟ್ಟಿಗೆ ಎಳೆದರೆ ಗೋಡೆ ಏನಾಗುತ್ತದೆ, ಒಂದು ಫೋನು ಬಂದರೆ ಕೊಳವೆಯ ಅಂಚೆ ಯಾಕೆ, ದಾರಿ ಹೇಳುವ ಆಂಟಿ ಯಾಕೆ, ಎಲ್ಲ ಹೇಳಿದೆ. ಅವನು ತಲೆ ತಗ್ಗಿಸಿಕೊಂಡು ಪೂರ್ತಿ ಕೇಳಿದ. ಆಮೇಲೆ ಮೆಲ್ಲಗೆ ಹೇಳಿದ: "ಪಿ.ಜಿ.ಯವ್ರು ಬೆಳಿಗ್ಗೆ ಬಂದು ಬಾತ್‌ರೂಮ್ ನೋಡ್ಕೊಂಡ್ ಹೋದ್ರು ಸಾರ್."

ಚಿತ್ರದ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೊರಗಿನ ಚೌಕಟ್ಟು ಹಿತ್ತಾಳೆಯದಾಗಿರಲಿ. ಪಕ್ಕದಲ್ಲಿ ಕೀ ಕೊಡುವ ತಿರುಪೊಂದು ಇರಲಿ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಾನೇ ಮುಂದುವರಿಸಿದೆ: "ಒಂದು ದಿನದ ಮಟ್ಟಿಗೆ ತಾನೇ? ಯಾರು ನೋಡ್ತಾರೆ?"

ಗೋಡೆಯ ಮೇಲಿನ ನಿಯಮದ ಕಡೆ ಯಾರೂ ನೋಡಲಿಲ್ಲ. ಅದೊಂದು ದೊಡ್ಡ ಉಪಕಾರ.

ಮಾರನೆಯ ದಿನ ಸಾಹೇಬರು ಬಂದರು, ಕಾಫಿ ಕುಡಿದರು, ಆಟದ ಮುಂದೆ ಕೂತರು. ತಾವು ಆಡಿಸಬೇಕಾದ ನಾಯಕ ಹಿತ್ತಾಳೆಯ ಚೌಕಟ್ಟಿನ ಫೋನ್ ಹಿಡಿದಿರುವುದನ್ನು ಕಂಡು ಮುಖ ಅರಳಿತು. "ಈಗ ನೋಡಿ, ಕಳೆ ಬಂತು." ಆಟದೊಳಗೆ ಅವರನ್ನು ಆಟೋ ಹತ್ತಿಸಿಬಿಡುವುದೆಂದು ನಮ್ಮ ಯೋಜನೆ. ಕೋಡ್ ಹುಡುಗ ನನ್ನ ಕಿವಿಯಲ್ಲಿ ಉಸಿರಿದ್ದ: "ಬಸ್ಸಿನ ಹತ್ರ ಮಾತ್ರ ಬಿಡ್ಬೇಡಿ ಸಾರ್. ಫೋನಿಗೆ ಗುರುತು ಏನು ಹಾಕ್ಬೇಕು ಅಂತ ಯಾರಿಗೂ ಹೊಳೀಲಿಲ್ಲ, ಖಾಲಿ ಬಿಟ್ಟಿದೀವಿ. ಕಂಡಕ್ಟರ್‌ಗೂ ಇನ್ನೂ ಹೇಳಿಲ್ಲ."

ಸಾಹೇಬರು ಆಟೋ ಕಡೆ ತಿರುಗಿಯೂ ನೋಡಲಿಲ್ಲ. "ಓಹೋ, ಡಬಲ್ ಡೆಕರ್! ಚಿಕ್ಕವರಿದ್ದಾಗ ಇದ್ರಲ್ಲೇ ಅಲ್ವೇನ್ರೀ ನಾವು ಓಡಾಡಿದ್ದು!" ಎನ್ನುತ್ತ ಹೊಸಹಳ್ಳಿ ಸ್ಟಾಪಿನಲ್ಲಿ ಬಸ್ಸು ಹತ್ತಿಬಿಟ್ಟರು.

ಹಿತ್ತಾಳೆಯ ಕಂಡಕ್ಟರ್ ತಿರುಗಿದ. "ಏನ್ರೀ ಅದು ಕೈಯಲ್ಲಿ?"

ಸಾಹೇಬರು ನಕ್ಕು, ಗುಂಡಿ ಒತ್ತಿ ನಾಯಕನ ಫೋನನ್ನು ಜೇಬಿಗೆ ಹಾಕಿಸಿದರು.

"ಜೇಬಿಗೆ ಹಾಕಿದ್ರೆ ಇಲ್ಲ ಅಂತ ಆಗತ್ತಾ?"

ಸಾಹೇಬರು ನಾಯಕನನ್ನು ಬಸ್ಸಿನ ಮೇಲಂತಸ್ತಿನ ಮೆಟ್ಟಿಲ ಹಿಂದೆ ಅಡಗಿಸಿದರು. ಕಂಡಕ್ಟರ್ ಅಲ್ಲಿಗೂ ಬಂದ. ಸೀಟಿ ಕೊರಳಲ್ಲಿ ನೇತಾಡುತ್ತಿತ್ತು, ಬಸ್ಸು ಉಗಿ ಬಿಡುತ್ತ ನಿಂತೇ ಇತ್ತು. ಒಳಗಿನ ಪ್ರಯಾಣಿಕರು ಒಬ್ಬೊಬ್ಬರಾಗಿ ಶುರುಮಾಡಿದರು: "ಇಳೀರೀ ಸ್ವಾಮಿ!" "ನಮ್ಗೆ ಹೊತ್ತಾಗತ್ತೆ!" "ಒಬ್ಬರಿಂದ ಎಲ್ಲರಿಗೂ ತೊಂದ್ರೆ!" ಸಾಹೇಬರು ಅದು ಆಟ ಎಂಬುದನ್ನು ಮರೆತು ಪರದೆಗೇ ದಬಾಯಿಸಿದರು: "ಒಂದು ಫೋನ್ ತಾನೇ ಕಣ್ರೀ! ಬಿಡಿ ಗಾಡಿ! ಯಾರ್ ನೋಡ್ತಾರೆ?"

ಯಜಮಾನ ಕಣ್ಣು ಮುಚ್ಚಿಕೊಂಡ. ನಾನು ನೆಲ ನೋಡಿದೆ. ಆಗ ಪರದೆಯಿಂದ ನನ್ನ ದನಿ ಕೇಳಿತು, ನನಗಿಂತ ಗಟ್ಟಿಯಾಗಿ:

"ನಾನು ನೋಡ್ತೀನಿ."

ಕಂಡಕ್ಟರ್ ನಾಯಕನ ತೋಳು ಹಿಡಿದು, ಮರ್ಯಾದೆಯಿಂದಲೇ, ಫುಟ್‌ಪಾತಿಗೆ ಇಳಿಸಿದ. ಬಾಗಿಲು ಎಳೆದುಕೊಂಡ. ಸೀಟಿ ಎರಡು ಸಲ ಊದಿದ. "ರೈಟ್, ರೈಟ್!" ಎಂದು ಬಸ್ಸಿನ ಮೈಗೆ ಎರಡೇಟು ತಟ್ಟಿದ. ಡಬಲ್ ಡೆಕರ್ ಮೇಲೆದ್ದು, ನಾಯಕನನ್ನೂ ಸಾಹೇಬರನ್ನೂ ಕೆಳಗೇ ಬಿಟ್ಟು, ಕೆಂಗೇರಿಯ ಕಡೆಗೆ ಹೊರಟುಹೋಯಿತು.